ನಮ್ಮ ಬ್ಲಾಕಿನ ಹುಣ್ಣಿಮೆ, ಅಮಾವಾಸ್ಯೆ

ಸಿಂಗಾಪುರದಲ್ಲಿ ಹುಣ್ಣಿಮೆ, ಅಮಾವಾಸ್ಯೆ ಯಾವತ್ತು ಅಂತ ತಿಳಿಯಲು ನನಗೆ ಪಂಚಾಂಗ ಬೇಕಾಗಿಲ್ಲ. ಮನೆ ಹತ್ತಿರದ ಹಾಕರ್ ಸೆಂಟರಿನಲ್ಲಿ, ಅಂದರೆ ಊಟ ತಿಂಡಿಯ ಅಂಗಡಿಗಳೆಲ್ಲ ಒಂದೇ ಕಡೆ ಇರುವ ಜಾಗದಲ್ಲಿ, ಚೀನೀಯರ ಸಸ್ಯಾಹಾರಿ ಅಂಗಡಿ ಒಂದಿದೆ. ಅದರ ಮುಂದಿನ ಸಾಲು ನೋಡಿದರೆ ಸಾಕು. ಇಲ್ಲಿನ ಬಹಳಷ್ಟು ಬೌದ್ಧರು, ತಾವೋ ಧರ್ಮದವರು ತಮ್ಮ ತಿಂಗಳ 1ನೇ ದಿನ ಮತ್ತು 15ನೇ ದಿನ ಮಾಂಸ ಮುಟ್ಟುವುದಿಲ್ಲ. ಅವರದ್ದೂ ಚಂದ್ರನ ಲೆಕ್ಕ. ನಮ್ಮ ಅಮಾವಾಸ್ಯೆ ಇಲ್ಲವೇ ಪಾಡ್ಯದ ಹೊತ್ತಿಗೆ ಅವರ ತಿಂಗಳು ಹುಟ್ಟುತ್ತದೆ, ನಮ್ಮ ಹುಣ್ಣಿಮೆಯ ಹೊತ್ತಿಗೆ ಹದಿನೈದು. ಆ ಎರಡು ದಿನ ಒಂದು ತಟ್ಟೆ ಬೀ ಹೂನ್, ಅಂದರೆ ಹುರಿದ ಅಕ್ಕಿ ಶ್ಯಾವಿಗೆ, ಕೈಗೆ ಸಿಗಲು ಜಾಸ್ತಿ ಹೊತ್ತು ಕಾಯಬೇಕು. ನಾನು ಖುಷಿಯಿಂದಲೇ ಕಾಯುತ್ತೇನೆ. ಊರಲ್ಲಿ ಅಮ್ಮ ಒಪ್ಪತ್ತು ಮಾಡುವ ದಿನ ಇಲ್ಲಿ ನೂರಾರು ಜನ ತಟ್ಟೆ ಹಿಡಿದು ಅದೇ ನಿಯಮ ಪಾಲಿಸುವುದನ್ನು ನೋಡುವುದೇ ಒಂದು ಸಮಾಧಾನ.

ಹೊರದೇಶಕ್ಕೆ ಹೋದರೆ ಹಬ್ಬ ಹರಿದಿನ ಕಳೆಗುಂದುತ್ತವೆ ಅಂತ ಎಲ್ಲರೂ ಹೇಳುತ್ತಾರೆ. ನಮ್ಮ ಮನೆಯಲ್ಲಿ ಹಾಗಾಗಲಿಲ್ಲ. ನಮ್ಮ ಹಬ್ಬದ ಜೊತೆಗೆ ಅಕ್ಕಪಕ್ಕದವರ ಹಬ್ಬವೂ ಸೇರಿಕೊಂಡಿತು. ಇಲ್ಲಿ ಸುಮಾರು ಶೇಕಡಾ 80ರಷ್ಟು ಜನ ಸರಕಾರ ಕಟ್ಟಿದ ಎಚ್‌ಡಿಬಿ ಫ್ಲ್ಯಾಟುಗಳಲ್ಲಿ ಇರುತ್ತಾರೆ. ಯಾವ ಬ್ಲಾಕೂ ಒಂದೇ ಜನಾಂಗದವರ ಕೇರಿ ಆಗಬಾರದು ಅಂತ 1989ರಿಂದ ಒಂದು ನಿಯಮ ಇದೆ. ಚೀನೀ, ಮಲಯ, ಭಾರತೀಯರು ಎಲ್ಲರೂ ಒಂದೇ ಕಟ್ಟಡದಲ್ಲಿ ಬೆರೆತಿರಬೇಕು. ಹಾಗಾಗಿ ನಮ್ಮ ಎದುರು ಮನೆಯಲ್ಲಿ ಒಬ್ಬ ಚೀನೀ ಅಜ್ಜಿ ಇದ್ದಾರೆ. ಮಕ್ಕಳು ಅವರನ್ನು 'ಆ ಮಾ' ಅಂತ ಕರೆಯುತ್ತಾರೆ. ಪಕ್ಕದ ಮನೆಯವರು ಮಲಯ ಮುಸ್ಲಿಮರು. ಆ ಮನೆಯೊಡತಿ ನಮ್ಮೆಲ್ಲರಿಗೂ 'ಮಕ್ ಚಿಕ್', ಅಂದರೆ ಮಲಯ ಭಾಷೆಯಲ್ಲಿ ಚಿಕ್ಕಮ್ಮ. ಬ್ಲಾಕಿನ ನೆಲಮಹಡಿಯಲ್ಲಿ ಮನೆಗಳಿಲ್ಲ, ಬರೀ ಕಂಬಗಳ ನಡುವಿನ ಖಾಲಿ ಜಾಗ. ಅದನ್ನು ವಾಯ್ಡ್ ಡೆಕ್ ಅನ್ನುತ್ತಾರೆ. ಒಂದು ವಾರ ಅಲ್ಲಿ ಮಲಯ ಮದುವೆಯ ಚಪ್ಪರ ಏಳುತ್ತದೆ, ಇನ್ನೊಂದು ವಾರ ಚೀನೀಯರ ಸಾವಿನ ಮನೆಯ ಪ್ರಾರ್ಥನೆ ನಡೆಯುತ್ತದೆ. ಕೆಲಸಕ್ಕೆ ಹೋಗುವಾಗ ಎಲ್ಲರೂ ಅದರ ನಡುವೆಯೇ ಹಾದುಹೋಗಬೇಕು.

ಸರಕಾರಿ ರಜೆ ವರ್ಷಕ್ಕೆ 11 ದಿನ. ಅದರಲ್ಲಿ ಹಿಂದೂಗಳಿಗೆ ಅಂತ ಇರುವುದು ದೀಪಾವಳಿ ಒಂದೇ. ಅದೂ ತಮಿಳರ ಪದ್ಧತಿಯಂತೆ ನರಕ ಚತುರ್ದಶಿಯ ದಿನ. ಎಣ್ಣೆಸ್ನಾನಕ್ಕೆ ರಜೆ ಸಿಗುತ್ತದೆ, ಬಲಿಪಾಡ್ಯಮಿಗೆ ಆಫೀಸು. ಯುಗಾದಿ, ಗೌರಿ-ಗಣೇಶ, ವರಮಹಾಲಕ್ಷ್ಮಿ ಎಲ್ಲವೂ ಕೆಲಸದ ದಿನಗಳೇ. ಬೆಳಿಗ್ಗೆ ಬೇಗ ಎದ್ದು ಪೂಜೆ, ಸಂಜೆ ಅರಿಶಿನ ಕುಂಕುಮ, ಹಬ್ಬದೂಟ ಶನಿವಾರಕ್ಕೆ. ಸಂಕಷ್ಟಿಯ ಚಂದ್ರೋದಯಕ್ಕೆ ಊರಿನ ಕ್ಯಾಲೆಂಡರ್ ನಡೆಯುವುದಿಲ್ಲ. ಇಲ್ಲಿನ ಗಡಿಯಾರ ಎರಡೂವರೆ ಗಂಟೆ ಮುಂದಿದೆ ನಿಜ, ಆದರೆ ಅಷ್ಟನ್ನು ಕೂಡಿಸಿದರೂ ಲೆಕ್ಕ ಸರಿಹೋಗುವುದಿಲ್ಲ. ಸಿಂಗಾಪುರಕ್ಕೆ ಅಂತಲೇ ಗುಣಿಸಿದ ಸಮಯ ನೋಡಬೇಕು. ಸಮಭಾಜಕ ವೃತ್ತ ಇಲ್ಲಿಗೆ ತೀರಾ ಹತ್ತಿರ. ವರ್ಷವಿಡೀ ಸೂರ್ಯ ಏಳರ ಆಸುಪಾಸು ಹುಟ್ಟಿ ಏಳರ ಆಸುಪಾಸು ಮುಳುಗುತ್ತಾನೆ. ಚಳಿಗಾಲವಿಲ್ಲ, ಬೇಸಿಗೆಯೂ ಬೇರೆ ಅಂತ ಇಲ್ಲ. ಇಂಥ ಊರಿನಲ್ಲಿ ತಿಂಗಳು ಸರಿಯಿತು ಅಂತ ಹೇಳುವವನು ಚಂದ್ರ ಒಬ್ಬನೇ.

ಆ ಚಂದ್ರನೇ ನಮ್ಮನ್ನೂ ಆ ಮಾ ಅವರನ್ನೂ ಹತ್ತಿರ ತಂದದ್ದು. ಚೀನೀ ಪಂಚಾಂಗದಲ್ಲೂ ನಮ್ಮಂತೆ ಅಧಿಕ ಮಾಸ ಇದೆ. ಆದರೆ ಯಾವ ವರ್ಷ, ಯಾವ ತಿಂಗಳು ಅನ್ನುವುದು ಒಂದೊಂದು ಸಲ ಬೇರೆಯಾಗುತ್ತದೆ. 2023ರಲ್ಲಿ ಊರಿನ ಬುದ್ಧ ಪೂರ್ಣಿಮೆ ಮೇ 5ಕ್ಕೆ ಬಂತು, ಇಲ್ಲಿನ ವೇಸಾಕ್, ಅಂದರೆ ಇವರ ಬುದ್ಧ ಪೂರ್ಣಿಮೆ, ಜೂನ್ 2ಕ್ಕೆ. ಅವರ ಅಧಿಕ ಮಾಸ ಆಗಲೇ ಬಂದುಹೋಗಿತ್ತು, ನಮ್ಮದು ಇನ್ನು ಮುಂದೆ ಶ್ರಾವಣದಲ್ಲಿ ಬರುವುದಿತ್ತು. ಇದನ್ನು ಆ ಮಾ ಅವರ ಮಗನಿಗೆ ವಿವರಿಸಿದೆ. ಅವರು ತಮ್ಮ ಮನೆಯ ಹರಿದು ತೆಗೆಯುವ ಕ್ಯಾಲೆಂಡರನ್ನೇ ತಂದು ಮುಂದಿಟ್ಟರು. ಎರಡನ್ನೂ ಜೋಡಿಸಿ ನೋಡುತ್ತಾ ಆ ಸಂಜೆ ಕಳೆದದ್ದೇ ತಿಳಿಯಲಿಲ್ಲ.

ನನಗೆ ಅತಿ ಹತ್ತಿರವಾದದ್ದು ಅವರ ಏಳನೇ ತಿಂಗಳು. ಹಿರಿಯರ ಆತ್ಮಗಳು ಭೂಮಿಗೆ ಬರುವ ತಿಂಗಳು ಅಂತ ಅವರ ನಂಬಿಕೆ. ಬ್ಲಾಕಿನ ಕೆಳಗೆ ಇಟ್ಟಿರುವ ಕಬ್ಬಿಣದ ಡ್ರಮ್ಮುಗಳಲ್ಲಿ ಕಾಗದದ ಹಣ, ಕಾಗದದ ಬಟ್ಟೆ ಸುಡುತ್ತಾರೆ. ಹಣ್ಣು, ಅನ್ನ, ಚಹಾ ಇಟ್ಟು ಊದುಬತ್ತಿ ಹಚ್ಚುತ್ತಾರೆ. ಬಯಲಿನಲ್ಲಿ ಗೆತಾಯ್ ಅನ್ನುವ ಹಾಡಿನ ಕಾರ್ಯಕ್ರಮ ನಡೆಯುತ್ತದೆ. ಅಲ್ಲಿ ಮೊದಲ ಸಾಲಿನ ಕುರ್ಚಿಗಳು ಖಾಲಿ. ಅವು ಹೋದವರಿಗಾಗಿ. ಮೊದಲ ವರ್ಷ ಆ ಖಾಲಿ ಕುರ್ಚಿಗಳನ್ನು ನೋಡಿ ನನಗೆ ಕಣ್ಣು ತುಂಬಿತು. ನಮ್ಮ ಪಿತೃಪಕ್ಷ ಬರುವುದೂ ಹೆಚ್ಚುಕಡಿಮೆ ಅದರ ಹಿಂದೆಯೇ. ಮಾವ ತೀರಿಕೊಂಡ ಮೇಲಿನ ಮಹಾಲಯ ಅಮಾವಾಸ್ಯೆಗೆ ಅತ್ತೆ ಇಲ್ಲೇ ಇದ್ದರು. ಕಾಡುಪ್ರಾಣಿ, ಪಕ್ಷಿಗಳಿಗೆ ಆಹಾರ ಹಾಕುವುದು ಇಲ್ಲಿ ಕಾನೂನಿಗೆ ವಿರುದ್ಧ, ಕಾಗೆಗೆ ಅನ್ನ ಇಡುವಂತಿಲ್ಲ. ಅತ್ತೆಗೆ ಅದೇ ಕೊರಗು. ಮನೆಯಲ್ಲೇ ಮಾವನ ಫೋಟೋ ಮುಂದೆ ಬಾಳೆಎಲೆ ಹಾಕಿ ಎಡೆ ಇಟ್ಟೆವು. ಬಾಗಿಲು ತೆರೆದಿತ್ತು. ಆ ಮಾ ಬಂದು ಇಣುಕಿ ನೋಡಿ, ಏನೂ ಕೇಳದೆ ತಮ್ಮ ಮನೆಗೆ ಹೋದರು. ಎರಡು ಕಿತ್ತಳೆ ತಂದು ಫೋಟೋ ಮುಂದಿಟ್ಟು ಕೈ ಮುಗಿದರು. ಅತ್ತೆಗೆ ಅವರ ಭಾಷೆ ಬಾರದು, ಅವರಿಗೆ ಅತ್ತೆಯದ್ದು ಬಾರದು. ಇಬ್ಬರೂ ಸೋಫಾದ ಮೇಲೆ ಕೂತು ಬಹಳ ಹೊತ್ತು ಚಹಾ ಕುಡಿದರು.

ಅದಾದ ಮೇಲೆ ಅತ್ತೆಯನ್ನು ವಾಟರ್‌ಲೂ ಸ್ಟ್ರೀಟಿಗೆ ಕರೆದುಕೊಂಡು ಹೋದೆವು. ನನಗೆ ಕೇಳಿದರೆ ಇಡೀ ಸಿಂಗಾಪುರದಲ್ಲಿ ಇದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. 1884ರ ಕ್ವಾನ್ ಇಮ್ ದೇವಸ್ಥಾನ ಅಲ್ಲಿದೆ. ಕ್ವಾನ್ ಇಮ್ ಕರುಣೆಯ ದೇವಿ. ಅದರ ಪಕ್ಕದಲ್ಲೇ, ಕೆಲವೇ ಹೆಜ್ಜೆ ದೂರದಲ್ಲಿ, ಶ್ರೀ ಕೃಷ್ಣನ ಗುಡಿ. 1870ರಲ್ಲಿ ಒಂದು ಆಲದ ಮರದ ಕೆಳಗೆ ಶುರುವಾದದ್ದು. ಬೀದಿ ತುಂಬ ಹೂವಿನವರು, ಕಮಲದ ಮೊಗ್ಗಿನ ಕಟ್ಟುಗಳು. ಕ್ವಾನ್ ಇಮ್ ಗುಡಿಯೊಳಗೆ ಜನ ಮಂಡಿಯೂರಿ ಬಿದಿರಿನ ಕಡ್ಡಿಗಳ ಡಬ್ಬಿಯನ್ನು ಗಲಗಲ ಅಲ್ಲಾಡಿಸುತ್ತಾರೆ. ಒಂದು ಕಡ್ಡಿ ಹೊರಬೀಳುವ ತನಕ ಬಿಡುವುದಿಲ್ಲ. ಅದರ ಸಂಖ್ಯೆಗೆ ತಕ್ಕ ಚೀಟಿಯಲ್ಲಿ ಉತ್ತರ ಇರುತ್ತದೆ. ನಮ್ಮಲ್ಲಿ ಹೂವಿನ ಪ್ರಸಾದ ಕೇಳುತ್ತಾರಲ್ಲ, ಭಾವ ಅದೇ. ಅಲ್ಲಿ ಮುಗಿಸಿದ ಚೀನೀ ಭಕ್ತರು ಸೀದಾ ಕೃಷ್ಣನ ಗುಡಿಗೆ ಬರುತ್ತಾರೆ. ಗುಡಿಯ ಮುಂದೆ ಅವರಿಗಾಗಿ ಊದುಬತ್ತಿ ಸಿಗಿಸುವ ದೊಡ್ಡ ಪಾತ್ರೆ ಇದೆ. ಉದ್ದದ ಊದುಬತ್ತಿ ಎರಡೂ ಕೈಯಲ್ಲಿ ಹಿಡಿದು, ಹಣೆಗೆ ತಾಗಿಸಿ, ಕೃಷ್ಣನಿಗೆ ಬಗ್ಗಿ ನಮಸ್ಕರಿಸುತ್ತಾರೆ. ಅದೇ ಬೀದಿಯಲ್ಲಿ ಯಹೂದಿಗಳ 1878ರ ಪ್ರಾರ್ಥನಾ ಮಂದಿರವೂ ಇದೆ.

ಕ್ವಾನ್ ಇಮ್ ಮೂಲದಲ್ಲಿ ನಮ್ಮ ಬೌದ್ಧರ ಅವಲೋಕಿತೇಶ್ವರ. ಭಾರತದಿಂದ ಹೋಗಿ ಚೀನಾದಲ್ಲಿ ಹೆಣ್ಣಿನ ರೂಪ ಪಡೆದ ದೇವತೆ. ಇದನ್ನು ಅತ್ತೆಗೆ ಹೇಳಿದೆ. ಅತ್ತೆ ಮಂಗಳೂರಿನವರು. ಕದ್ರಿ ಮಂಜುನಾಥನ ದೇವಸ್ಥಾನದಲ್ಲಿ ಲೋಕೇಶ್ವರನ ಕಂಚಿನ ಮೂರ್ತಿ ಇದೆ, ಪೀಠದ ಮೇಲೆ 968ನೇ ಇಸವಿಯ ಶಾಸನ. ಅವನೂ ಅವಲೋಕಿತೇಶ್ವರನೇ ಅಂತ ಬಲ್ಲವರು ಹೇಳುತ್ತಾರೆ. ಅತ್ತೆ ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದ್ರೆ ಇವಳು ನಮ್ಮ ಕದ್ರಿಯ ಸಂಬಂಧದವಳೇ ಆಯ್ತಲ್ಲ ಮಾರಾಯ್ತಿ" ಅಂದರು. ಮತ್ತೆ ಒಳಗೆ ಹೋಗಿ ಇನ್ನೊಂದು ಸಲ ಕೈ ಮುಗಿದು ಬಂದರು. ಊಟಕ್ಕೆ ಲಿಟ್ಲ್ ಇಂಡಿಯಾದ, ಅಂದರೆ ಇಲ್ಲಿನ ಭಾರತೀಯರ ಅಂಗಡಿ ಬೀದಿಗಳ ಕಡೆಯ, ಕೋಮಳ ವಿಲಾಸ್. 1947ರಿಂದ ನಡೆಯುತ್ತಿರುವ ಸಸ್ಯಾಹಾರಿ ಹೋಟೆಲು, ಅತ್ತೆಗೆ ಅಲ್ಲಿನ ಸಾರು ಹಿಡಿಸಿತು.

ಕುಸು ದ್ವೀಪಕ್ಕೆ ನಮ್ಮನ್ನು ಹೊರಡಿಸಿದವರೂ ಆ ಮಾ ಅವರೇ. ಚೀನೀಯರ ಒಂಬತ್ತನೇ ತಿಂಗಳಲ್ಲಿ, ಅಂದರೆ ನಮ್ಮ ದಸರಾ-ದೀಪಾವಳಿಯ ಆಸುಪಾಸಿನಲ್ಲಿ, ಸಾವಿರಾರು ಜನ ಅಲ್ಲಿಗೆ ಯಾತ್ರೆ ಹೋಗುತ್ತಾರೆ. ಮರೀನಾ ಸೌತ್ ಪಿಯರ್‌ನಿಂದ ಫೆರ್ರಿ. ಹಡಗು ಮುಳುಗಿ ಒದ್ದಾಡುತ್ತಿದ್ದ ಒಬ್ಬ ಚೀನೀ, ಒಬ್ಬ ಮಲಯ ನಾವಿಕನನ್ನು ಉಳಿಸಲು ಆಮೆಯೊಂದು ತಾನೇ ದ್ವೀಪವಾಯಿತು ಅಂತ ಕಥೆ. ಅದಕ್ಕೇ ಅಲ್ಲಿ ತಾವೋ ಗುಡಿಯೂ ಇದೆ, ಗುಡ್ಡದ ಮೇಲೆ ಮಲಯ ಸಂತರ ಗೋರಿಗಳ ಜಾಗವೂ ಇದೆ. ಒಂದೇ ಫೆರ್ರಿಯಲ್ಲಿ ಬಂದವರು ಎರಡೂ ಕಡೆ ಹೋಗಿ ಕೈ ಮುಗಿಯುತ್ತಾರೆ. ಕೂರ್ಮಾವತಾರದ ಕಥೆ ಕೇಳಿ ಬೆಳೆದ ನನ್ನ ಮಗಳಿಗೆ ಇದರಲ್ಲಿ ಒಂದಿಷ್ಟೂ ಆಶ್ಚರ್ಯವಾಗಲಿಲ್ಲ. ಗುಡಿಯ ಹತ್ತಿರದ ಆಮೆಗಳನ್ನು ನೋಡುತ್ತಾ ನಿಂತಳು, ಕರೆದುಕೊಂಡು ಬರುವುದೇ ಕಷ್ಟವಾಯಿತು. ಪೂಜೆ ಮುಗಿಸಿ ಎಲ್ಲರೂ ದಡದಲ್ಲಿ ಬುತ್ತಿ ಬಿಚ್ಚಿದೆವು. ನಮ್ಮದು ಚಿತ್ರಾನ್ನ, ಅವರದ್ದು ಎಳ್ಳು ಹಚ್ಚಿದ ಬನ್ನು. ಸಿಂಗಾಪುರದ ಗಗನಚುಂಬಿಗಳು ನೀರಿನ ಆಚೆ ಕಾಣುತ್ತಿದ್ದವು. ಹೊಳೆ ದಾಟಿ ಜಾತ್ರೆಗೆ ಹೋದ ಹಾಗೆ ಇತ್ತು ಆ ದಿನ.

ಮಕ್ ಚಿಕ್ ಮನೆಯ ಲೆಕ್ಕ ಬೇರೆ. ಇಸ್ಲಾಮಿನ ಪಂಚಾಂಗದಲ್ಲಿ ಅಧಿಕ ಮಾಸ ಇಲ್ಲ. ಹಾಗಾಗಿ ಹರಿ ರಾಯ, ಅಂದರೆ ರಂಜಾನ್ ಹಬ್ಬ, ವರ್ಷಕ್ಕೆ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತಾ ಎಲ್ಲಾ ತಿಂಗಳನ್ನೂ ಸುತ್ತಿ ಬರುತ್ತದೆ. ಹೀಗೆ ಸುತ್ತುವಾಗ ಅದು ನಮ್ಮ ಯುಗಾದಿಯ ಪಕ್ಕದಲ್ಲೇ ಬಂದು ನಿಂತಿತು. 2024ರಲ್ಲಿ ಯುಗಾದಿ ಏಪ್ರಿಲ್ 9, ಹರಿ ರಾಯ ಏಪ್ರಿಲ್ 10. 2025ರಲ್ಲಿ ಇನ್ನೂ ಚೆನ್ನ. ಮಾರ್ಚ್ 30ರ ಭಾನುವಾರ ಯುಗಾದಿ, ಮರುದಿನ ಸೋಮವಾರ ಹರಿ ರಾಯದ ರಜೆ. ಶನಿವಾರವೇ ಲಿಟ್ಲ್ ಇಂಡಿಯಾಕ್ಕೆ ಹೋಗಿ ಬೇವಿನ ಸೊಪ್ಪು, ಮಾವಿನ ಎಲೆ ತಂದಿದ್ದೆವು. ಬೇವಿನ ಮರ ಇಲ್ಲಿ ರಸ್ತೆ ಬದಿಯಲ್ಲೂ ಇದೆ, ಆದರೆ ಕೀಳುವಂತಿಲ್ಲ. ಮಕ್ ಚಿಕ್ ಮನೆಯಲ್ಲಿ ಆ ದಿನ ಕೊನೆಯ ಉಪವಾಸ. ಅದಕ್ಕೆ ಹೋಳಿಗೆಯನ್ನು ಸೂರ್ಯ ಮುಳುಗುವ ಹೊತ್ತಿಗೆ, ಅವರು ಉಪವಾಸ ಬಿಡುವ ಸಮಯಕ್ಕೆ ಸರಿಯಾಗಿ ಕಳಿಸಿದೆ. ಮರುದಿನ ಅವರ ಮನೆ ತುಂಬ ನೆಂಟರು, ಎಲ್ಲರೂ ಒಂದೇ ಬಣ್ಣದ ಹೊಸ ಬಟ್ಟೆ. ನಮಗಾಗಿ ಬೇರೆ ಪಾತ್ರೆಯಲ್ಲಿ ಬುಬುರ್ ಕಚಾಂಗ್ ಮಾಡಿಟ್ಟಿದ್ದರು. ಹೆಸರುಕಾಳು, ತೆಂಗಿನ ಹಾಲು, ತಾಳೆಬೆಲ್ಲ, ಘಮಕ್ಕೆ ಒಂದು ಪಾಂಡಾನ್ ಎಲೆ. ಅದನ್ನು ಪಾಯಸ ಅಲ್ಲ ಅಂತ ಯಾರು ಹೇಳುತ್ತಾರೆ? ಪಾಂಡಾನ್ ಕೂಡ ನಮ್ಮ ಕೇದಗೆಯ ಜಾತಿಯದ್ದೇ.

ದೀಪಾವಳಿಯ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಪಟಾಕಿಗೆ 1972ರಿಂದ ನಿಷೇಧ ಇದೆ, ಸುರ್‌ಸುರ್‌ಬತ್ತಿಗೆ ಮಾತ್ರ ಅಡ್ಡಿಯಿಲ್ಲ. ಅಂದು ಸಂಜೆ ಬ್ಲಾಕಿನ ಮಕ್ಕಳೆಲ್ಲ, ಯಾವ ಮನೆಯವರು ಅನ್ನುವ ಭೇದವಿಲ್ಲದೆ, ಕೆಳಗೆ ಸೇರಿ ಅದನ್ನೇ ಸುತ್ತಿಸುತ್ತಾರೆ. ಚಕ್ಕುಲಿಯ ಡಬ್ಬಿ ಆ ಮಾ ಮನೆಗೂ ಹೋಗುತ್ತದೆ, ಮಕ್ ಚಿಕ್ ಮನೆಗೂ ಹೋಗುತ್ತದೆ.

ಊರಿನಿಂದ ಬರುವವರು ಸಾಮಾನ್ಯವಾಗಿ ಶಾಲೆಯ ಬೇಸಿಗೆ ರಜೆಯಲ್ಲಿ ಬರುತ್ತೀರಿ. ಆದರೆ ಸಾಧ್ಯವಾದರೆ ಸೆಪ್ಟೆಂಬರ್ ಕೊನೆ ಇಲ್ಲವೇ ಅಕ್ಟೋಬರಿನಲ್ಲಿ ಬನ್ನಿ. ಚೀನೀಯರ ಎಂಟನೇ ತಿಂಗಳ ಹುಣ್ಣಿಮೆಗೆ ಮಕ್ಕಳು ಕಾಗದದ ಲಾಂದ್ರ ಹಿಡಿದು ಪಾರ್ಕುಗಳಲ್ಲಿ ಓಡಾಡುತ್ತಾರೆ. ಒಂದು ವರ್ಷ ಅದು ನಮ್ಮ ಭಾದ್ರಪದ ಹುಣ್ಣಿಮೆಗೆ, ಇನ್ನೊಂದು ವರ್ಷ ಶೀಗೆ ಹುಣ್ಣಿಮೆಗೆ ಬರುತ್ತದೆ. ಲಿಟ್ಲ್ ಇಂಡಿಯಾದಲ್ಲಿ ದೀಪಾವಳಿಯ ದೀಪಗಳನ್ನೂ ಆ ಸುಮಾರಿಗೇ ಕಟ್ಟುತ್ತಾರೆ. ಒಂಬತ್ತನೇ ತಿಂಗಳು ಶುರುವಾದರೆ ಕುಸುಗೂ ಹೋಗಿ ಬರಬಹುದು. ವಾಟರ್‌ಲೂ ಸ್ಟ್ರೀಟಿಗೆ ಬೂಗಿಸ್ ನಿಲ್ದಾಣದಲ್ಲಿ ಇಳಿದು ನಡೆದರೆ ಆಯಿತು. ಬೆಳಿಗ್ಗೆಯೇ ಹೋಗಿ, ಎರಡೂ ಗುಡಿಗಳಲ್ಲಿ ನಿಂತು ನೋಡಲು ಸಮಯ ಇಟ್ಟುಕೊಳ್ಳಿ.