ಅಷ್ಟು ಕಷ್ಟದ ಹೋಟೆಲ್ ಕೆಲಸ ಯಾಕೆ ಅಷ್ಟು ಇಷ್ಟವಾಯ್ತು?

ಓದುವ ದಿನಗಳಲ್ಲಿ ಸ್ವಲ್ಪ ಕಾಲ ಹೋಟೆಲಿನಲ್ಲಿ ಕೆಲಸ ಮಾಡಿದ್ದೆ ಅಂದ ತಕ್ಷಣ ಎಲ್ಲರೂ ಕೇಳುವುದು ಒಂದೇ. "ಕಾಲು ನೋವು, ಬೈಗುಳ, ರಜೆಯ ದಿನವೇ ಜಾಸ್ತಿ ಕೆಲಸ. ಅದರಲ್ಲಿ ಖುಷಿಪಡುವಂಥದ್ದು ಏನಿತ್ತು ಸ್ವಾಮಿ?" ಸುಮ್ನೆ ನಕ್ಕು ಮಾತು ಬದಲಿಸುತ್ತಿದ್ದೆ. ಈ ಸಲ ಬರೆದೇಬಿಡುತ್ತೇನೆ.

ಆ ವಯಸ್ಸಿನಲ್ಲಿ ನನ್ನ ಕೆಲಸಕ್ಕಾಗಿ ದೊಡ್ಡವರು ಕಾಯುತ್ತಿದ್ದ ಜಾಗ ಅದೊಂದೇ. ಮನೆಯಲ್ಲಿ ನಾನು ಇನ್ನೂ ಚಿಕ್ಕವನು. ಕಾಲೇಜಿನಲ್ಲಿ ಹಾಜರಿ ಪುಸ್ತಕದ ಒಂದು ನಂಬರು, ನಾನು ಹೋಗದಿದ್ದರೂ ಪಾಠ ನಡೆಯುತ್ತಿತ್ತು. ಹೋಟೆಲಿನಲ್ಲಿ ಹಾಗಲ್ಲ.

ಮೇಜು ಒರೆಸೋದು ಎಲ್ಲಕ್ಕಿಂತ ಸಣ್ಣ ಕೆಲಸ ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ಜನ ತುಂಬಿದ ಹೊತ್ತಲ್ಲಿ ಅದು ತಡವಾದರೆ ಏನಾಗುತ್ತೆ ನೋಡಿ. ಬಾಗಿಲಲ್ಲಿ ನಿಂತವರು ಅಲ್ಲೇ ನಿಲ್ಲುತ್ತಾರೆ, ಎಂಜಲು ತಟ್ಟೆಗಳು ಮೇಜಿನ ಮೇಲೇ ಉಳಿದು ಆಮೇಲೆ ಒಂದೇ ಸಲ ತೊಳೆಯೋ ಜಾಗಕ್ಕೆ ಬಂದು ಬೀಳುತ್ತವೆ, ಅಷ್ಟರಲ್ಲಿ ಒಳಗೆ ಬಡಿಸೋಕೆ ತಟ್ಟೆಯೇ ಇರುವುದಿಲ್ಲ, ಅಡುಗೆಯವರು ಸೌಟು ಹಿಡಿದುಕೊಂಡು ಕೂಗುತ್ತಾರೆ, ಮೊದಲೇ ಆರ್ಡರ್ ಕೊಟ್ಟವರು ಗಡಿಯಾರ ನೋಡೋಕೆ ಶುರು ಮಾಡುತ್ತಾರೆ. ಕೊನೆಗೆ ಬೈಸಿಕೊಳ್ಳುವವನು ಪಾಪ ಸಪ್ಲೈಯರ್. ಇಷ್ಟೆಲ್ಲ ಒರೆಸೋ ಬಟ್ಟೆ ಹಿಡಿದ ಹುಡುಗನ ಮೇಲೆ ನಿಂತಿತ್ತು. ಅದು ಗೊತ್ತಾದ ದಿನ ನನ್ನ ನಡಿಗೆಯೇ ಬದಲಾಯ್ತು.

ಪಾತ್ರೆ ತೊಳೆಯುತ್ತಿದ್ದ ಹಿರಿಯರೊಬ್ಬರು ನನಗೆ ಅರ್ಧ ಕೆಲಸ ಕಲಿಸಿದರು. ಬೇರೆ ಯಾರೂ ಅವರನ್ನು ಗುರು ಅಂತ ನೋಡುತ್ತಿರಲಿಲ್ಲ. ಕೈ ಬೀಸಿಕೊಂಡು ಒಳಗೆ ಬರಬೇಡ, ಕೈ ಬೀಸಿಕೊಂಡು ಹೊರಗೂ ಹೋಗಬೇಡ ಅನ್ನೋದು ಅವರ ಮೊದಲ ಪಾಠ. ಒಳಗೆ ಬರುವಾಗ ಎಂಜಲು ತಟ್ಟೆ ತಾ, ಹೋಗುವಾಗ ತೊಳೆದ ಲೋಟ ಒಯ್ಯಿ. ದೊಡ್ಡ ತಟ್ಟೆ ಕೆಳಗೆ, ಚಿಕ್ಕದು ಮೇಲೆ. ಬಿಸಿ ಪಾತ್ರೆಯನ್ನು ಒದ್ದೆ ಬಟ್ಟೆಯಲ್ಲಿ ಹಿಡಿಯಲೇಬೇಡ ಅಂತ ಅವರು ಯಾವಾಗಲೂ ಹೇಳುತ್ತಿದ್ದರು. ಒಣ ಬಟ್ಟೆಯ ನೂಲಿನ ನಡುವೆ ಗಾಳಿ ಇರುತ್ತೆ. ಬಟ್ಟೆ ಒದ್ದೆಯಾದರೆ ಅಲ್ಲಿ ನೀರು ತುಂಬಿಕೊಳ್ಳುತ್ತೆ, ನೀರು ಗಾಳಿಗಿಂತ 20 ಪಟ್ಟಿಗೂ ಜಾಸ್ತಿ ಬೇಗ ಶಾಖ ದಾಟಿಸುತ್ತೆ. ಈ ವಿಜ್ಞಾನ ನಾನು ಆಮೇಲೆ ಓದಿದ್ದು. ಅವರಿಗೆ ಅದು ಬೆರಳುಗಳಲ್ಲೇ ಗೊತ್ತಿತ್ತು.

ಹೊಸ ಸಾಮಾನು ಬಂದರೆ ಹಿಂದಿಡು, ಹಳೆಯದನ್ನು ಮುಂದೆ ಎಳೆ ಅನ್ನೋದೂ ಅಲ್ಲೇ ಕಲಿತಿದ್ದು. ಇವತ್ತಿಗೂ ನೆಂಟರ ಮನೆ ಫ್ರಿಜ್ ತೆರೆದರೆ ನನ್ನ ಕೈ ಸುಮ್ಮನಿರಲ್ಲ. ಅವರಿಗದು ಇಷ್ಟವಾಗಲ್ಲ, ಬಿಡಿ.

ಇನ್ನು ರಶ್ ಹೊತ್ತು. "ಬಿಸಿ ಬಿಸಿ, ದಾರಿ!" "ಹಿಂದೆ ಇದ್ದೀನಿ!" ಇಷ್ಟೇ ಮಾತು. ಇಕ್ಕಟ್ಟಾದ ಅಡುಗೆಮನೆಯಲ್ಲಿ ಕುದಿಯೋ ಪಾತ್ರೆ ಹಿಡಿದವನ ಹಿಂದೆ ಮಾತಾಡದೆ ಹೋದರೆ ಯಾರಿಗಾದರೂ ಸುಡೋದು ಗ್ಯಾರಂಟಿ. ಅದಕ್ಕೇ ಯಜಮಾನರಿಗೂ ಕೂಗಬೇಕು, ಅವರೂ ಪಕ್ಕಕ್ಕೆ ಸರಿಯಬೇಕು. ದೊಡ್ಡ ಅಡುಗೆಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕೆಲಸ ಹಂಚಿ ಇಡುವ ಪದ್ಧತಿಗೆ ಹೆಸರು ತಂದವರು ಫ್ರಾನ್ಸಿನ ಬಾಣಸಿಗ ಆಗಸ್ಟ್ ಎಸ್ಕಾಫಿಯೆ. ಅವರು 1870ರ ಫ್ರಾನ್ಸ್-ಪ್ರಷ್ಯಾ ಯುದ್ಧದಲ್ಲಿ ಫ್ರಾನ್ಸಿನ ಸೈನ್ಯಕ್ಕೆ ಅಡುಗೆ ಮಾಡಿದವರು. ಅದು ಗೊತ್ತಾದಾಗ ನನಗೇನೂ ಆಶ್ಚರ್ಯ ಆಗಲಿಲ್ಲ, ರಶ್ ಹೊತ್ತಿನ ನಮ್ಮ ಅಡುಗೆಮನೆಯ ಶಿಸ್ತೂ ಸೈನ್ಯದ ಹಾಗೇ ಇತ್ತು.

ಬಾಗಿಲು ಹಾಕಿದ ಮೇಲೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂರುತ್ತಿದ್ದೆವು. ಎರಡು ಗಂಟೆ ಹಿಂದೆ ಕೂಗಾಡಿಕೊಂಡವರೇ ಪಕ್ಕಪಕ್ಕ. ಚಿಟಿಕೆ ಹೊಡೆದು ಕರೆದ ಗಿರಾಕಿಯನ್ನು ಯಾರೋ ಅಣಕಿಸೋರು, ಎಲ್ಲರೂ ನಗೋರು. ಮತ್ತೆ, ಆವತ್ತಿನ ಕೆಲಸ ಆವತ್ತೇ ಮುಗಿಯುತ್ತಿತ್ತು. ಮಲಗಿದಾಗ ತಲೆಯಲ್ಲಿ ಏನೂ ಬಾಕಿ ಇರುತ್ತಿರಲಿಲ್ಲ. ಈಗಿನ ನನ್ನ ಆಫೀಸು ಕೆಲಸದಲ್ಲಿ ಈ ಸುಖ ಇಲ್ಲವೇ ಇಲ್ಲ.

ಆದರೆ ಒಂದು ಮಾತು ಹೇಳಲೇಬೇಕು. ನಾನು ಬಿಟ್ಟು ಬರಬಹುದಿತ್ತು, ಬಂದೆ. ನನ್ನ ಜೊತೆಗಿದ್ದ ಕೆಲವರಿಗೆ ಅದೇ ಹೊಟ್ಟೆಪಾಡು. ಅವರನ್ನು ಕೇಳಿದರೆ ಇಷ್ಟು ಸಿಹಿಯಾಗಿ ಹೇಳುತ್ತಾರೆ ಅಂತ ನನಗನ್ನಿಸಲ್ಲ. ಮಂಡಿ ನೋವು, ಸೊಂಟ ನೋವು ನೆನಪಿನ ಮಾತಲ್ಲ ಅವರಿಗೆ.

ಇದನ್ನೆಲ್ಲ ಕೇಳಿದ ಮೇಲೆ ಕೆಲವರು ಇನ್ನೊಂದು ಕೇಳುತ್ತಾರೆ: "ಹಾಗಾದರೆ ನಮ್ಮ ಹುಡುಗನನ್ನೂ ರಜೆಯಲ್ಲಿ ಕಳಿಸಲಾ?" ಹದಿನೆಂಟು ತುಂಬಿದ್ದರೆ, ಅವನಿಗೇ ಮನಸ್ಸಿದ್ದರೆ ಕಳಿಸಿ. ಎಷ್ಟು ಗಂಟೆ ಕೆಲಸ, ವಾರದ ರಜೆ ಯಾವತ್ತು, ಸಂಬಳ ಯಾವ ತಾರೀಕು ಅಂತ ಸೇರುವ ಮೊದಲೇ ಬಾಯಿಬಿಟ್ಟು ಕೇಳಲಿ. ಗಲ್ಲಾದಲ್ಲಿ ಕೂರಿಸುತ್ತೀವಿ ಅಂದರೆ ಬೇಡ ಅನ್ನಲಿ, ಮೊದಲು ಮೇಜು ಒರೆಸಲಿ. ಚಪ್ಪಲಿಯಲ್ಲ, ಜಾರದ ಅಡಿ ಇರುವ ಶೂ ಕೊಡಿಸಿ.