ಮಗುವಿನ ಜೀವನಾಂಶ: ಬಾಕಿ ಬೆಳೆಯಲು ಬಿಡಬೇಡಿ

2024ರ ಜುಲೈ 1ರಿಂದ ಜೀವನಾಂಶದ ಬಗ್ಗೆ ಹೇಳುತ್ತಿದ್ದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 125ನೇ ಕಲಮಿನ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಇದೆ. ನಂಬರ್ ಬದಲಾಗಿದೆ, ಮಗುವಿನ ಹಕ್ಕು ಹಾಗೇ ಇದೆ. ತಂದೆ-ತಾಯಿ ಇಬ್ಬರೂ ಆದಾಯ, ಆಸ್ತಿ, ಸಾಲದ ಅಫಿಡವಿಟ್ ಕೊಡಲೇಬೇಕು. ಸುಪ್ರೀಂ ಕೋರ್ಟ್ 2020ರಲ್ಲೇ ಹೇಳಿದೆ. ಜೀವನಾಂಶದ ಲೆಕ್ಕ ಅರ್ಜಿ ಹಾಕಿದ ದಿನದಿಂದ.

ಜನ ಎಡವುವುದು ವಸೂಲಿಯಲ್ಲಿ. ‘ಮುಂದಿನ ತಿಂಗಳು ಕೊಡ್ತೀನಿ’ ಎಂಬ ಮಾತು ನಂಬಿ ಕೂರುತ್ತಾರೆ. ಕಂತು ಬಾಕಿಯಾದ ಒಂದು ವರ್ಷದೊಳಗೆ ಅರ್ಜಿ ಹಾಕದಿದ್ದರೆ ಆ ಕಂತಿಗೆ ಈ ಕಲಮಿನಡಿ ವಾರಂಟ್ ಹೊರಡುವುದಿಲ್ಲ. ಯಾವ ಕಂತು ಬಂದಿಲ್ಲವೆಂದು ತೋರಿಸಲು ದಯವಿಟ್ಟು ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದಿಟ್ಟುಕೊಳ್ಳಿ.

ಪಿತೃತ್ವದ ತಕರಾರು ಬಂದರೆ ಹೆದರಬೇಡಿ. ವಿಚ್ಛೇದನವಾಗಿ 280 ದಿನದೊಳಗೆ ಹುಟ್ಟಿದ ಮಗು, ತಾಯಿ ಮರುಮದುವೆಯಾಗಿರದಿದ್ದರೆ, ಆ ಗಂಡನದೇ ಎಂದು ಕಾನೂನು ಭಾವಿಸುತ್ತದೆ. ಬರೀ ಅನುಮಾನಕ್ಕೆ ಡಿಎನ್‌ಎ ಪರೀಕ್ಷೆಯ ಆದೇಶ ಸಿಗದು; ಗರ್ಭ ನಿಂತಿರಬಹುದಾದ ಸಮಯದಲ್ಲಿ ದಂಪತಿಗೆ ಸೇರುವ ಅವಕಾಶವೇ ಇರಲಿಲ್ಲವೆಂದು ಮೊದಲು ತೋರಿಸಬೇಕು.