ಲೋಟದೊಳಗಿನ ಗೆರೆ

ನಮ್ಮ ಬಸ್ ನಿಲ್ದಾಣದ ಹಿಂದಿನ ಗೋಡೆಯ ಮೇಲೆ ಎಷ್ಟೋ ವರ್ಷಗಳಿಂದ ಒಂದೇ ಜಾಹೀರಾತು ಇದೆ: ‘ಅವರಿಗೆ ತಿಳಿಯದಂತೆ ಕುಡಿತ ಬಿಡಿಸಿ.’ ಅವರು ಅಂದರೆ ಗಂಡ. ಓದಬೇಕಾದವಳು ಹೆಂಡತಿ. ಊಟದಲ್ಲಿ ಪುಡಿ ಬೆರೆಸಿ ಕೊಡಬೇಕಂತೆ. (ಹೀಗೆ ಕದ್ದು ಕೊಡುವ ಪುಡಿಯಲ್ಲಿ ಡೈಸಲ್ಫಿರಾಮ್‌ನಂಥ ಔಷಧಿ ಇದ್ದು, ಅದರ ಮೇಲೆ ಆತ ಕುಡಿದರೆ ಜೀವಕ್ಕೇ ಅಪಾಯ. ದಯವಿಟ್ಟು ಯಾರೂ ಮಾಡಬೇಡಿ.) ಕುಡಿಯುವವಳು ನಾನೇ ಆಗಿದ್ದ ಮೂರು ವರ್ಷ ಆ ಗೋಡೆಯ ಮುಂದೆ ನಿಂತು ಬಸ್ಸಿಗೆ ಕಾದಿದ್ದೇನೆ. ನನಗೆಂದು ಅಲ್ಲಿ ಒಂದಕ್ಷರವೂ ಇರಲಿಲ್ಲ.

ನಮ್ಮಲ್ಲಿ ಕುಡಿತದ ಮಾತು ಬಂದರೆ ಹೆಣ್ಣು ಯಾವಾಗಲೂ ಕಣ್ಣೀರು ಹಾಕುವವಳು. 2019ರ ಜನವರಿಯಲ್ಲಿ ಮದ್ಯ ನಿಷೇಧಿಸಿ ಎಂದು ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದಾಗ ಟಿ.ವಿ. ಮುಂದೆ ಕುಳಿತು ಅತ್ತವಳು ನಾನು. ನನ್ನ ಮಾವನವರು ಕುಡಿದು ಕುಡಿದೇ ಹೋದವರು. ಅದಾದ ಎರಡೂವರೆ ವರ್ಷಕ್ಕೆ ನನ್ನ ಅಡುಗೆಮನೆಯಲ್ಲಿ, ರಾಗಿ ಡಬ್ಬದ ಹಿಂದೆ, ವೈನ್ ಬಾಟಲಿ ಇತ್ತು. ಅತ್ತೆಗೆ ಕಾಣದಿರಲೆಂದು ಸ್ಟೀಲ್ ಲೋಟದಲ್ಲಿ ಕುಡಿಯುತ್ತಿದ್ದೆ.

ಕುಡಿಯುವುದಕ್ಕಿಂತ ಖಾಲಿ ಬಾಟಲಿ ಸಾಗಿಸುವುದೇ ಕಷ್ಟವಾಗಿತ್ತು. ಒಣ ಕಸದ ಗಾಡಿ ಬಂದಾಗ ಅಕ್ಕಪಕ್ಕದವರೆಲ್ಲ ಗೇಟಿನ ಬಳಿ ನಿಂತಿರುತ್ತಾರೆ. ಗಾಜು ಬಿದ್ದರೆ ಸದ್ದಾಗುತ್ತದೆ. ಆದ್ದರಿಂದ ಬಾಟಲಿಯನ್ನು ದಿನಪತ್ರಿಕೆಯಲ್ಲಿ ಸುತ್ತಿ, ಮೇಲೆ ಹಳೆಯ ಟವೆಲ್ ಸುತ್ತಿ, ಊಟದ ಚೀಲದಲ್ಲಿಟ್ಟುಕೊಂಡು ಹೋಗಿ ಕಚೇರಿಯ ಹತ್ತಿರದ ಕಸದ ರಾಶಿಗೆ ಹಾಕುತ್ತಿದ್ದೆ. ಟವೆಲನ್ನು ಮಡಚಿ ವಾಪಸು ತರುತ್ತಿದ್ದೆ. ರಸ್ತೆಬದಿಯಲ್ಲಿ ನಿಂತು ಆ ಟವೆಲ್ ಮಡಚುತ್ತಿದ್ದ ನನ್ನ ಕೈಗಳು ಈಗಲೂ ಕಣ್ಣಿಗೆ ಕಟ್ಟುತ್ತವೆ.

ಮೊದಲು ಹೋದ ವೈದ್ಯರು, “ಒಳ್ಳೆಯ ಮನೆತನದ ಹೆಣ್ಣುಮಗಳು, ಇದೇನಮ್ಮ ಇದು?” ಎಂದರು. ಎದ್ದು ಬಂದೆ. ಎಂಟು ತಿಂಗಳು ಯಾರ ಬಾಗಿಲನ್ನೂ ತಟ್ಟಲಿಲ್ಲ. ಒಂದು ಲೋಟ ಎರಡಾದದ್ದು ಆ ಎಂಟು ತಿಂಗಳಲ್ಲೇ. ನಾಚಿಕೆಯಿಂದ ಕುಸಿದವಳಿಗೆ ಇನ್ನಷ್ಟು ನಾಚಿಕೆ ಕೊಡುವುದನ್ನು ಚಿಕಿತ್ಸೆ ಎಂದು ನಾನು ಒಪ್ಪುವುದಿಲ್ಲ.

ಕೊನೆಗೆ ಒಂದು ರಾತ್ರಿ ತಾರಸಿಯ ನೀರಿನ ಟ್ಯಾಂಕಿನ ಮರೆಯಲ್ಲಿ ನಿಂತು 14416ಕ್ಕೆ ಕರೆ ಮಾಡಿದೆ. ಅದು ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಅದಕ್ಕೆ ಮಾರ್ಗದರ್ಶನ ನೀಡುವುದು ನಮ್ಮ ಹೊಸೂರು ರಸ್ತೆಯ ನಿಮ್ಹಾನ್ಸ್. ‘ನಿಮ್ಹಾನ್ಸ್‌ಗೆ ಸೇರಿಸಬೇಕು’ ಎನ್ನುವುದನ್ನು ಬೈಗುಳವಾಗಿ ಕೇಳಿಯೇ ಬೆಳೆದವಳಿಗೆ, ಅಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರ ಇದೆ ಎಂಬುದು ಗೊತ್ತೇ ಇರಲಿಲ್ಲ. ಫೋನಿನಲ್ಲಿದ್ದಾಕೆ ಮೊದಲು ಹೇಳಿದ್ದು: ಪ್ರತಿದಿನ ಕುಡಿಯುವವರು ಒಮ್ಮೆಲೇ ನಿಲ್ಲಿಸಬೇಡಿ, ಕೈ ನಡುಕ, ಫಿಟ್ಸ್ ಬರಬಹುದು, ವೈದ್ಯರನ್ನು ನೋಡಿಕೊಂಡೇ ಮುಂದುವರಿಯಿರಿ. ಕಚೇರಿಗೆ ತಿಳಿಯುತ್ತದೆಯೇ ಎಂದು ಕೇಳಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಮದ್ಯದ ಸಮಸ್ಯೆಯೂ ಸೇರುತ್ತದೆ, ಚಿಕಿತ್ಸೆಯ ವಿವರ ಗುಟ್ಟಾಗಿ ಉಳಿಯುವುದು ನಿಮ್ಮ ಹಕ್ಕು ಎಂದರು.

ರಕ್ತ ಪರೀಕ್ಷೆಯಾಯಿತು. ಆಮೇಲೆ ಒಬ್ಬ ಮನಶ್ಶಾಸ್ತ್ರಜ್ಞೆ ಸಿಕ್ಕರು. ಅವರು ವಿಶ್ವ ಆರೋಗ್ಯ ಸಂಸ್ಥೆಯ ‘ಆಡಿಟ್’ ಎಂಬ ಹತ್ತು ಪ್ರಶ್ನೆಗಳ ಹಾಳೆ ಕೊಟ್ಟರು. ಕುಡಿಯುವ ದಿನ ಎಷ್ಟು ಕುಡಿಯುತ್ತೀರಿ? ‘ಒಂದು ಅಥವಾ ಎರಡು’ ಎಂದು ಗುರುತು ಹಾಕಿದೆ. ಮುಂದಿನ ವಾರ ಆ ಲೋಟವನ್ನೇ ತನ್ನಿ ಎಂದರು. ತಂದೆ. ಅಳತೆ ಪಾತ್ರೆಯಿಂದ ನೀರು ಹುಯ್ಯಲು ನನಗೇ ಹೇಳಿದರು. 100 ಮಿಲಿ ಲೀಟರ್ ವೈನ್ ಎಂದರೆ ಸುಮಾರು 10 ಗ್ರಾಂ ಆಲ್ಕೋಹಾಲ್, ಒಂದು ಸ್ಮಾಲ್ ವಿಸ್ಕಿಯಲ್ಲಿರುವಷ್ಟೇ. ನನ್ನ ಲೋಟ 220 ಹಿಡಿಯಿತು. ಎರಡು ಲೋಟ ಎಂದು ನಾನು ಹೇಳಿಕೊಂಡಿದ್ದು ದಿನಕ್ಕೆ ನಾಲ್ಕು ಸ್ಮಾಲ್‌ಗೂ ಮಿಗಿಲಾಗಿತ್ತು. ಹೆಣ್ಣಿನ ಮೈಯಲ್ಲಿ ನೀರಿನಂಶ ಕಡಿಮೆಯಾದ್ದರಿಂದ ಗಂಡಸು ಕುಡಿದಷ್ಟೇ ಕುಡಿದರೂ ರಕ್ತದಲ್ಲಿ ಆಲ್ಕೋಹಾಲ್ ಪ್ರಮಾಣ ಹೆಚ್ಚು ಏರುತ್ತದೆ, ಯಕೃತ್ತು ಬೇಗ ಕೆಡುತ್ತದೆ, ಸ್ತನ ಕ್ಯಾನ್ಸರಿನ ಅಪಾಯವೂ ಹೆಚ್ಚುತ್ತದೆ ಎಂದು ವಿವರಿಸಿದರು. ಅವರ ದನಿಯಲ್ಲಿ ಎಲ್ಲೂ ಛೀಮಾರಿ ಇರಲಿಲ್ಲ. ಮನೆಗೆ ಬಂದು ಮಗನ ಜಾಮಿಟ್ರಿ ಬಾಕ್ಸಿನ ಕೈವಾರದಿಂದ ಲೋಟದ ಒಳಗೆ, 100ರ ಮಟ್ಟಕ್ಕೆ, ಗೆರೆ ಗೀರಿದೆ.

ನಾಲ್ಕನೆಯ ಭೇಟಿಯಲ್ಲಿ ಅವರು ನನ್ನ ಇಡೀ ದಿನವನ್ನು ಗಂಟೆಗಂಟೆಗೆ ಬರೆಸಿದರು. ಐದೂಕಾಲಿಗೆ ಏಳುವುದು, ಮಗನ ಡಬ್ಬಿ, ಅತ್ತೆಯ ಇನ್ಸುಲಿನ್, ಬಸ್ಸು, ಕಚೇರಿ, ಮತ್ತೆ ಬಸ್ಸು, ಮತ್ತೆ ಒಲೆ. ಒಂಬತ್ತೂಕಾಲಿಗೆ ಬಾಲ್ಕನಿಯಲ್ಲಿ ಲೋಟ. ಹಾಳೆಯನ್ನು ನನ್ನತ್ತ ತಿರುಗಿಸಿ ಕೇಳಿದರು: “ನೀವು ಕುಡಿಯುವುದಕ್ಕೆ ಕೂರುತ್ತೀರೋ, ಕೂರುವುದಕ್ಕೆ ಕುಡಿಯುತ್ತೀರೋ?”

ಬಹಳ ಹೊತ್ತು ಅತ್ತುಬಿಟ್ಟೆ. ಸುಮ್ಮನೆ ಕುಳಿತರೆ ಯಾರಾದರೂ ಕರೆಯುತ್ತಾರೆ. ಲೋಟ ಕೈಯಲ್ಲಿದ್ದರೆ ನನಗೆ ನಾನೇ ಅರ್ಧ ಗಂಟೆಯ ಅನುಮತಿ ಕೊಟ್ಟುಕೊಳ್ಳುತ್ತಿದ್ದೆ.

ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್ ಸಂಘದ ಮೊದಲ ಹೆಜ್ಜೆ, ಮದ್ಯದ ಮುಂದೆ ನಾವು ಅಶಕ್ತರೆಂದು ಒಪ್ಪಿಕೊಳ್ಳುವುದು. ಅದರಿಂದ ಬದುಕಿದವರು ಲೆಕ್ಕವಿಲ್ಲದಷ್ಟು ಮಂದಿ. ಆದರೆ ಅಮೆರಿಕದಲ್ಲಿ 1975ರಲ್ಲಿ ಹೆಂಗಸರಿಗೆಂದೇ ಬೇರೆ ಸಂಘಟನೆ ಕಟ್ಟಿದ ಜೀನ್ ಕರ್ಕ್‌ಪ್ಯಾಟ್ರಿಕ್, ಹೆಣ್ಣಿಗೆ ಬೇಕಾದದ್ದು ತನ್ನ ಬೆಲೆಯನ್ನು ತಾನು ಅರಿಯುವುದು ಎಂದು ನಂಬಿದ್ದರು. ನನ್ನ ಮಟ್ಟಿಗೆ ಅದೇ ಸರಿಹೋಯಿತು. ಗಂಡನಿಗೆ ಎಲ್ಲವನ್ನೂ ಹೇಳಿದೆ. ಒಂಬತ್ತೂಕಾಲರಿಂದ ಹತ್ತರವರೆಗೆ ನನ್ನನ್ನು ಯಾರೂ ಕರೆಯಬಾರದು ಎಂದೂ ಹೇಳಿದೆ. ಎರಡನೆಯ ಮಾತೇ ಹೆಚ್ಚು ಕಷ್ಟವಾಗಿತ್ತು.

ಮೊದಲು ಗೆರೆಯವರೆಗೆ, ಆಮೇಲೆ ವಾರಕ್ಕೆ ಮೂರು ದಿನ, ಆಮೇಲೆ ಬಿಟ್ಟೆ. ನಡುವೆ ಒಮ್ಮೆ, ನೆಂಟರ ಮನೆಯ ನಿಶ್ಚಿತಾರ್ಥ ಮುಗಿಸಿ ಬಂದ ರಾತ್ರಿ, ಇಡೀ ಬಾಟಲಿ ಕುಡಿದೆ. ಮರುದಿನವೇ ಮನಶ್ಶಾಸ್ತ್ರಜ್ಞೆಗೆ ಫೋನು ಮಾಡಿದೆ. “ಎಂಟು ತಿಂಗಳು ಕಾಯದೆ ಮರುದಿನವೇ ಫೋನು ಮಾಡಿದಿರಲ್ಲ” ಎಂದರು.

ಹೋದ ತಿಂಗಳು ಅತ್ತೆ ಉಪ್ಪಿಟ್ಟಿಗೆ ರವೆ ಅಳೆಯಲು ಆ ಲೋಟವನ್ನೇ ತೆಗೆದುಕೊಂಡರು. “ಒಳಗೆ ಇದೇನೇ ಗೀರು?” ಎಂದರು. ಸುಳ್ಳು ಬಾಯಿಗೆ ಬಂದಿತ್ತು. ನುಂಗಿಕೊಂಡು ನಿಜವನ್ನೇ ಹೇಳಿದೆ. ಅವರು ಒಲೆ ಸಣ್ಣ ಮಾಡಿದರು.

“ನಿನ್ನ ಮಾವನವರದು ಊರಿಗೆಲ್ಲ ಗೊತ್ತಿತ್ತು,” ಎಂದರು. “ನಿನ್ನದು ಮನೆಯಲ್ಲಿದ್ದ ನನಗೇ ತಿಳಿಯಲಿಲ್ಲವಲ್ಲೇ.”

ಆಮೇಲೆ ಗೆರೆಯವರೆಗೆ ರವೆ ತುಂಬಿ, ನಾಲ್ಕು ಜನಕ್ಕೆ ಇಷ್ಟು ಸಾಲದು ಎಂದು ಇನ್ನೂ ಎರಡು ಸಲ ಅಳೆದು ಹಾಕಿದರು.